ಟವೆಲಿನ ಕೆಳಗೆ ಕುದುರಿದ ಗಣಿತ

ನಾನು ಎತ್ತಿನ ದಲ್ಲಾಳಿ. ಮೊದಲು ಯರಗುಪ್ಪಿಯಿಂದ ಮಂದಿಯ ಎತ್ತು ಹೊಡೆದುಕೊಂಡು ಸಂತೆಗೆ ಹೋಗುತ್ತಿದ್ದೆ. ನೋಡುತ್ತ ನೋಡುತ್ತ ನಾನೇ ವ್ಯಾಪಾರ ಕುದುರಿಸುವುದನ್ನು ಕಲಿತೆ. ಹೀಗೆ ಸ್ವಂತ ಬಲದಿಂದ ಮೇಲೆ ಬಂದವರಿಗೆ ಬುದ್ಧಿ ಹೇಳುವ ಚಟ ಜಾಸ್ತಿ. ನನ್ನದನ್ನು ಮನೆಯವರು ಹೇಗೋ ತಡೆದುಕೊಂಡಿದ್ದಾರೆ.

ಮಗಳು ಧಾರವಾಡದ ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎಸ್ಸಿ. ಓದುತ್ತಿದ್ದಾಳೆ. ಕೊನೆಯ ವರ್ಷ ಒಬ್ಬ ಗೈಡ್ ಹತ್ತಿರ ಪ್ರಾಜೆಕ್ಟ್ ಮಾಡಬೇಕು. ಹೋದ ವರ್ಷ ಒಂದು ಮುಂಜಾನೆ ಕಟ್ಟೆಯ ಮೇಲೆ ಕೂತು ಮೊಬೈಲ್ ತೆಗೆದಳು. ಯಾವ ಪ್ರಾಧ್ಯಾಪಕರು ಎಲ್ಲಿ ಓದಿದ್ದಾರೆ, ಯಾರಿಗೆ ಯಾವ ವಿಷಯದಲ್ಲಿ ಆಸಕ್ತಿ ಎಂದು ಓದಿ ಹೇಳತೊಡಗಿದಳು.

"ಆ ದೊಡ್ಡ ದೊಡ್ಡ ಪದವಿ ಇರೋ ಸರ್‌ನ್ನ ಹಿಡಿಯವಾ" ಅಂದೆ.

"ಅಪ್ಪಾ, ನೀ ಬರೇ ಕೋಡು ನೋಡಿ ಎತ್ತು ತರ್ತಿಯೇನು? ಯಾವ ಮನ್ಯಾಗ ಬೆಳದೈತಿ, ಏನ್ ಮೇಯ್ತೈತಿ ಕೇಳ್ರಿ ಅಂತ ಊರಿಗೆಲ್ಲಾ ಹೇಳ್ತಿ!"

ನನ್ನ ಮಾತು ನನಗೇ ತಿರುಗಿ ಬಂತು. ಅವಳ ಮನಸ್ಸು ಆಗಲೇ ಒಬ್ಬ ಮ್ಯಾಡಂ ಮೇಲೆ ನಿಂತಿತ್ತು. ಸುದ್ದಿ ನೂರು ಮಂದಿಯ ನಡುವೆ ಹಾದು ಹೋದರೂ ಇಬ್ಬರಿಗೆ ಮಾತ್ರ ತಿಳಿಯುವ ಹಾಗೆ ಮಾಡುವ ಗಣಿತ ಅವರದು.

"ಏ, ಇದು ನಮ್ಮ ದಂಧೆ ಬೇ!" ಎಂದು ಕಟ್ಟೆಯಿಂದ ಎದ್ದೇಬಿಟ್ಟೆ. ದನದ ಸಂತೆಯಲ್ಲಿ ನಾವು ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಟವೆಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಹೇಳುತ್ತೇವೆ. ಸುತ್ತ ನಿಂತವರಿಗೆ ಕಾಣುವುದು ಟವೆಲ್ ಮಾತ್ರ.

ತೊಡಕು ಏನೆಂದರೆ, ಆ ಮ್ಯಾಡಂ ಇನ್ನು ಒಬ್ಬರನ್ನು ಮಾತ್ರ ತೆಗೆದುಕೊಳ್ಳುವವರಿದ್ದರು. ಕೇಳುವವರು ಬಹಳ. ನಾನೂ ಜೊತೆಗೆ ಹೊರಟೆ. ಧಾರವಾಡದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಪಾಠ ಹೇಳಿದೆ: "ಮುಖದಾಗ ಆಸೆ ತೋರಿಸಬ್ಯಾಡ. ಬ್ಯಾರೆ ಕಡೆನೂ ಕೇಳಾಕತ್ತೇನಿ ಅನ್ನು. ತಾವಾಗೇ ಬೆನ್ನು ಹತ್ತತಾರ."

ಮ್ಯಾಡಂ "ಬರ್ರಿ ಕಾಕಾ, ಕೂಡ್ರಿ" ಎಂದು ತಮ್ಮ ಕೋಣೆಯಲ್ಲಿ ನನಗೆ ಕುರ್ಚಿ ತೋರಿಸಿ, ಮಗಳನ್ನು ಕೇಳಿದರು: "ನಿನಗ ಈ ವಿಷಯನ ಯಾಕ ಬೇಕು?"

ಮಗಳು ಮುಖವನ್ನು ಮರ ಮಾಡಿಕೊಂಡಳು. "ಹಂಗೇನಿಲ್ರಿ ಮ್ಯಾಡಂ. ಬ್ಯಾರೆ ಸರ್ ಕಡೆನೂ ಕೇಳಾಕತ್ತೇನ್ರಿ."

"ಹಂಗಾರ ಎಲ್ಲಾರನೂ ಕೇಳಿ ಮುಗಿಸವಾ. ಇದ ಬೇಕು ಅನ್ನೋರು ಹೊರಗ ನಿಂತಾರ."

ಸಂತೆಯಲ್ಲಾದರೆ ಇಂಥ ಮಾತಿಗೆ ಎದುರಿನವನು ಒಂದು ಹೆಜ್ಜೆ ಹತ್ತಿರ ಬರುತ್ತಾನೆ. ಇಲ್ಲಿ ಮ್ಯಾಡಂ ಪೆನ್ನಿನ ಮುಚ್ಚಳ ಹಾಕಿದರು. ನಾನು ನಡುವೆ ಬಾಯಿ ಹಾಕಿದೆ.

"ಮ್ಯಾಡಂರ, ಅದು ನಾ ಹೇಳಿಕೊಟ್ಟ ಮಾತ್ರಿ, ಆಕಿದಲ್ಲ! ನಾ ಎತ್ತಿನ ದಲ್ಲಾಳ್ರಿ."

ಮ್ಯಾಡಂ ನಗಬೇಕೋ ಬೇಡವೋ ಎಂಬಂತೆ ನನ್ನನ್ನು ನೋಡುತ್ತಿರುವಾಗಲೇ ಮಗಳು ನನ್ನ ಹೆಗಲ ಮೇಲಿನ ಟವೆಲ್ ಎಳೆದುಕೊಂಡಳು. "ಮ್ಯಾಡಂ, ಒಂದೀಟು ಕೈ ಕೊಡ್ರಿ." ಇಬ್ಬರ ಕೈಮೇಲೂ ಟವೆಲ್ ಹೊದಿಸಿದಳು. ಆಮೇಲೆ ಅವಳ ಮಾತಿಗೆ ತಡೆಯೇ ಇಲ್ಲ.

"ಸಂತ್ಯಾಗ ಹಿಂಗ ರೇಟ್ ಹೇಳ್ತಾರ್ರಿ, ಬಾಜು ನಿಂತೋರಿಗೆ ತಿಳಿಯಂಗಿಲ್ಲ. ಆದ್ರ ನಮ್ಮಪ್ಪಗ ತಿಳಿತೈತ್ರಿ! ಆತ ಟವೆಲ್ ನೋಡಂಗಿಲ್ಲ, ಹೆಗಲು ನೋಡ್ತಾನ. ಬೆರಳು ಜೋರ್ ಒತ್ತಿದ್ರ ಹೆಗಲು ಅಲ್ಲಾಡತೈತಿ. ಗಣಿತದ ಗುಟ್ಟಿಗೂ ಹಿಂಗೊಂದು ಹೆಗಲು ಇರತೈತೇನ್ರಿ? ನನಗ ಅದ ಬೇಕ್ರಿ ಮ್ಯಾಡಂ, ಬ್ಯಾರೇನೂ ಬ್ಯಾಡ್ರಿ!"

"ಇರತೈತಿ!" ಮ್ಯಾಡಂ ಎದ್ದು ನಿಂತರು. ಕೈ ಇನ್ನೂ ಟವೆಲಿನ ಕೆಳಗೇ ಇತ್ತು. "ಕಂಪ್ಯೂಟರ್ ಗುಟ್ಟಿನ ಲೆಕ್ಕಾ ಮಾಡೂಮುಂದ ಒಮ್ಮೊಮ್ಮೆ ಚೂರು ತಡಾ ಮಾಡತೈತಿ. ಬರೇ ಆ ತಡಾ ನೋಡಿ ಗುಟ್ಟು ಹಿಡಿಯೋರು ಅದಾರ. ಅದ ನಿನ್ನ ಹೆಗಲು!"

ಇಂಥ ವಿಷಯಕ್ಕೆ ಇವರು ಹೇಗೆ ಬಿದ್ದರೋ ಎಂಬ ಕುತೂಹಲ ತಡೆಯಲಾಗಲಿಲ್ಲ. ಕೇಳಿಯೇಬಿಟ್ಟೆ.

"ನಮ್ಮಪ್ಪಾರು ಅಣ್ಣಿಗೇರ್ಯಾಗ ಟೆಲಿಫೋನ್ ಎಕ್ಸ್‌ಚೇಂಜ್‌ನಾಗ ಇದ್ರು ಕಾಕಾ. ಊರ ಮಂದಿ ಮಾತೆಲ್ಲಾ ಅವರ ಕಿವಿ ಮ್ಯಾಲೇ ಹೋಗ್ತಿದ್ವು. ಮನಿಗೆ ಬಂದ್ರ ಒಂದೂ ಬಾಯಿ ಬಿಡ್ತಿರಲಿಲ್ಲ. ನಮ್ಮವ್ವ ಚಹಾ ಕೊಟ್ಟು ಕೇಳಿದ್ರೂ ಇಲ್ಲ, ಜಗಳಾ ತಗದು ಕೇಳಿದ್ರೂ ಇಲ್ಲ! ಈ ಮನಶ್ಯಾ ಹೆಂಗ ತಡಕೋತಾನ ಅಂತ ನನಗ ಆವಾಗಿಂದ ಹುಚ್ಚು."

ಮಕ್ಕಳಿಗೆ ಗೈಡ್ ಹುಡುಕುವವರಿಗೆ ನನ್ನದೊಂದು ಮಾತು. ಅವರ ಪದವಿಯ ಜೊತೆಗೆ ಅವರು ಬೆಳೆದ ಮನೆಯನ್ನೂ ಕೇಳಿ. ಮೊಬೈಲಿನಲ್ಲಿ ಒಂದು ಸಾಲಿನಲ್ಲಿ ಬರೆದ ಆಸಕ್ತಿಗೆ ಬೇರು ಅಲ್ಲಿರುತ್ತದೆ. ಬೇಕಾದರೆ ಬೇಕು ಅನ್ನಿ. ಗೈಡ್ ಮುಂದೆ ಸಂತೆಯ ಜಾಣತನ ನಡೆಯುವುದಿಲ್ಲ.

ಆ ದಿನ ಕೊನೆಗೆ ಮ್ಯಾಡಂ ಮಗಳಿಗೆ ಅಂದರು: "ವಾರಕ್ಕ ಇಷ್ಟು ದಿನಾ ಬಂದು ನನ್ನ ಮುಂದ ಕೂಡ್ಬೇಕು. ಒಪ್ಪಿಗೇನು?" ಟವೆಲಿನ ಕೆಳಗೆ ಬೆರಳು ಒತ್ತಿದರು. ಎಷ್ಟು ಬೆರಳೋ ನನಗೆ ಕಾಣಲಿಲ್ಲ. ಮಗಳು ನಾನು ಕಲಿಸಿದ ಹಾಗೆ ಮುಖ ಗಟ್ಟಿ ಮಾಡಿಕೊಂಡೇ ನಿಂತಿದ್ದಳು. ಆದರೆ ಒಪ್ಪಿಗೆಯ ಬೆರಳು ತಿರುಗಿ ಒತ್ತುವಾಗ ಹೆಗಲು ಟಣ್ಣನೆ ಕಿವಿಯ ತನಕ ಜಿಗಿಯಿತು.