ರೋಗಿ ವಾಸಿಯಾದ ದಿನ

ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ನರ್ಸಮ್ಮ ಎನ್ನುತ್ತಿದ್ದರು. ಸೂಜಿ ಚುಚ್ಚಿದವಳಲ್ಲ, ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದೂ ಗಂಡನ ಕೊನೆಗಾಲದಲ್ಲಿ ಮಾತ್ರ. ಅವಳು ನೋಡಿಕೊಳ್ಳುತ್ತಿದ್ದ ರೋಗಿ ಒಂದು ಹಳೆಯ ಮೋಟಾರು.

ಅಲ್ಲಿ ತಯಾರಾಗುತ್ತಿದ್ದುದು ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ. ಗಿರಣಿಯ ಯಂತ್ರದ ಮೈಗೆ ಅಂಟಿಸಿದರೆ, ಯಂತ್ರ ಕೆಡುವ ಮೊದಲೇ ಅದರ ನಡುಕ ಹಿಡಿದು ಕೂಗುತ್ತದೆ. ಪ್ರತಿ ಪೆಟ್ಟಿಗೆಯನ್ನೂ ನರ್ಸಮ್ಮ ಬೇರಿಂಗ್ ಸವೆದ ಆ ಮೋಟಾರಿನ ಮೇಲಿಟ್ಟು ನೋಡುತ್ತಿದ್ದಳು. ಕೂಗಿದರೆ ಪಾಸು. ಅದಕ್ಕೇ ರೋಗಿಗೆ ಯಾರೂ ಎಣ್ಣೆ ಹಾಕುವಂತಿರಲಿಲ್ಲ.

ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಸಂಜೆ ಕೇಳುವುದು ಒಂದೇ.

"ನಿನ್ನ ರೋಗಿ ಹೇಗಿದಾನೆ?"

"ನರಳ್ತಾ ಇದಾನೆ ಅತ್ತೆ."

"ನರಳ್ಲಿ ಬಿಡು. ಅವನು ನರಳಿದ್ರೆ ನಮ್ಮ ಒಲೆ ಉರಿಯುತ್ತೆ."

ಯಜಮಾನರಿಗೆ ವಯಸ್ಸಾಯಿತು. ಕಂಪನಿಯನ್ನು ಕೊಳ್ಳಲು ದೊಡ್ಡ ಕಂಪನಿಯವರು ಬರುತ್ತಾರೆಂದು ಸುದ್ದಿಯಾಯಿತು. ಪೆಟ್ಟಿಗೆಯ ನಕ್ಷೆಗಳಂತೂ ಬೇಕೇ ಬೇಕಂತೆ. ಕೆಲಸಗಾರರನ್ನು ಇಟ್ಟುಕೊಳ್ಳುವುದೋ ಬಿಡುವುದೋ, ಕೆಲಸ ನೋಡಿ ಹೇಳುತ್ತಾರಂತೆ. ಎಲ್ಲರೂ ಸೇರಿ ನೆಲ ಒರೆಸಿದರು, ಗೋಡೆಗೆ ಸುಣ್ಣ ಬಳಿದರು.

ನರ್ಸಮ್ಮನ ಅಣ್ಣ ಪಕ್ಕದ ಶೆಡ್ಡಿನಲ್ಲಿ ಪಂಪು, ಫ್ಯಾನು ರಿಪೇರಿ ಮಾಡುವ ಫಿಟ್ಟರ್. ಅದು ಯಾಕೆ ನರಳಬೇಕೆಂದು ತಿಳಿಯದ ಅವನು, ಬಂದವರೆದುರು ತಂಗಿಯ ಮೋಟಾರು ಗೊರಗೊರ ಎಂದರೆ ಮರ್ಯಾದೆ ಏನುಳಿದೀತು ಎಂದುಕೊಂಡ. ಅವಳು ಮನೆಗೆ ಹೋದ ಮೇಲೆ ಹೊಸ ಬೇರಿಂಗ್ ಹಾಕಿ, ಹಳೆಯದನ್ನು ಗುಜರಿಯವನ ಗಾಡಿಗೆ ಎಸೆದ.

ಮರುದಿನ ಬಂದವರು ಸುತ್ತ ನಿಂತರು. ನರ್ಸಮ್ಮ ಸ್ವಿಚ್ ಒತ್ತಿದಳು. ಮೋಟಾರು ತೊಟ್ಟಿಲ ಕೂಸಿನಂತೆ ತೆಪ್ಪಗೆ ತಿರುಗಿತು. ಪೆಟ್ಟಿಗೆ ಕೂಗಲಿಲ್ಲ. ಇನ್ನೊಂದಿಟ್ಟಳು, ಅದೂ ಮೂಕ. ತಿರುಗಿ ನೋಡಿದರೆ ಅಣ್ಣ ಬಾಗಿಲಲ್ಲಿ ನಿಂತು ಹೆಮ್ಮೆಯಿಂದ ನಗುತ್ತಿದ್ದ.

ರಿಪೇರಿಯಾಗಿಬಿಟ್ಟಿದೆ ಎಂದು ಯಜಮಾನರು ತಡವರಿಸಿದರು. ಬಂದವರು ಒಳ್ಳೆಯ ಮಂದಿಯೇ. ಆಗಲಿ, ಕೆಟ್ಟದ್ದೊಂದರ ಮೇಲೆ ತೋರಿಸಿ ಎಂದರು. ಇದ್ದ ಕೆಟ್ಟದ್ದು ಅದೊಂದೇ; ಅಣ್ಣನ ಶೆಡ್ಡಿನ ಪಂಪು, ಫ್ಯಾನುಗಳೂ ರಿಪೇರಿಯಾಗಿ ಹೋಗಿದ್ದವು. ಅವರು ಯಜಮಾನರ ಕೋಣೆಯತ್ತ ನಡೆದರು.

ನರ್ಸಮ್ಮ ಬೆಂಕಿ ಆರಿಸಲು ಇಟ್ಟಿದ್ದ ಬಕೆಟ್ಟಿನಿಂದ ಬೊಗಸೆ ಮರಳು ತಂದು ಮೋಟಾರಿನ ಮೇಲೆ ಸುರಿದಳು. ಹೊಸ ಬೇರಿಂಗಿನ ಬಾಯಿ ಮುಚ್ಚಿತ್ತು, ಮರಳು ಒಳಗಿಳಿಯಲಿಲ್ಲ. ಉಗುರಿನಲ್ಲಿ ಕೆರೆದಳು.

"ಕೆಡಿಸಿ ಕೊಡೋ ಅಣ್ಣ. ಹೇಗಾದ್ರೂ ಕೆಡಿಸಿ ಕೊಡೋ."

ಅಣ್ಣ ಸ್ಪ್ಯಾನರ್ ಹಿಡಿದು ಬಿಚ್ಚತೊಡಗಿದ. "ಬಿಗಿಯಾಗಿ ಕೂರಿಸಿಬಿಟ್ಟಿದೀನಿ ಕಣೇ, ಬಿಚ್ಚೋಕೇ ಹೊತ್ತು ಬೇಕು. ಇಷ್ಟು ಚೆನ್ನಾಗಿ ಯಾವತ್ತೂ ಕೂರಿಸಿರ್ಲಿಲ್ಲ."

ಅವನಿನ್ನೂ ಬಿಚ್ಚುತ್ತಿರುವಾಗಲೇ ಹೊರಗೆ ಕಾರುಗಳು ಹೊರಟವು. ನಕ್ಷೆ ಕೊಂಡರು, ಹೆಸರು ಕೊಂಡರು; ಪೆಟ್ಟಿಗೆ ಇನ್ನು ಅವರ ಕಾರ್ಖಾನೆಯಲ್ಲೇ ಆಗುತ್ತದಂತೆ. ಅದು ಮೊದಲೇ ನಿಶ್ಚಯವಾಗಿತ್ತೋ ಏನೋ, ಯಾರು ಬಲ್ಲರು. ಅಣ್ಣನಂತೂ ಆಮೇಲೆ ಅವಳ ಹೊಸಿಲು ತುಳಿಯಲಿಲ್ಲ.

ಆ ಸಂಜೆಯೂ ಅತ್ತೆ ಕೇಳಿದಳು, ರೋಗಿ ಹೇಗಿದಾನೆ ಎಂದು.

"ವಾಸಿಯಾದ ಅತ್ತೆ."

ಮುದುಕಿ ಸೊಸೆಯ ಮುಖ ನೋಡಿದಳು, ಆಮೇಲೆ ಕೈ ನೋಡಿದಳು.

"ಕೈ ತೊಳ್ಕೊಂಡು ಬಾ," ಎಂದಳು. "ಉಗುರಲ್ಲೆಲ್ಲ ಮರಳಿದೆ."