ಗ್ಯಾಸ್ ಅಂದರು

ಕೆಳಗಿನ ಮನೆಗೆ ಬಾಣಂತಿ ಬಂದಿದ್ದಾಳೆ. ಬೆಳಿಗ್ಗೆ ಎಂಟಕ್ಕೆಲ್ಲ ಕೆಂಡದ ಮೇಲೆ ಬಿದ್ದ ಓಮದ ಹೊಗೆ ಮೆಟ್ಟಿಲು ಹತ್ತಿ ನಮ್ಮ ಬಾಗಿಲಿಗೂ ಬರುತ್ತದೆ. ಪ್ರತಾಪ ನಗರದ ಈ ಕಟ್ಟಡದಲ್ಲಿ ಎಲ್ಲರಿಗೂ ಅದು ಹಿತವಾದ ವಾಸನೆ. ನನಗೆ ಮಾತ್ರ ಸಿಟ್ಟು ಬರುತ್ತದೆ. ಓಮದ ಮೇಲೆ ಸಿಟ್ಟಾಗುವ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ಅದಕ್ಕೇ ಕಾರಣ ಹೇಳಿಬಿಡುತ್ತೇನೆ.

ಆರು ವರ್ಷದ ಹಿಂದೆ ಇದೇ ವಾಸನೆ ನಮ್ಮ ಮನೆಯಲ್ಲಿತ್ತು. ರೈಲ್ವೆ ಕಚೇರಿಯ ಗುಮಾಸ್ತನಾದ ನನಗೆ ಹುಬ್ಬಳ್ಳಿಯಿಂದ ಈ ನಾಗಪುರಕ್ಕೆ ವರ್ಗವಾದಾಗ ಅವ್ವನೂ ಜೊತೆಗೆ ಬಂದಿದ್ದಳು. ಅವ್ವ ಇದ್ದಲ್ಲೇ ತವರು ಎಂದು ತಂಗಿ ಸುಜಾತಾ ಬಳ್ಳಾರಿಯಿಂದ ಚೊಚ್ಚಲ ಹೆರಿಗೆಗೆ ಇಲ್ಲಿಗೇ ಬಂದಳು. ಹೆಣ್ಣುಕೂಸು ಹುಟ್ಟಿತು. ನಾನು ಸೋದರಮಾವನಾದೆ. ಮರುದಿನದಿಂದಲೇ ಮಕ್ಕಳ ಪಾಲನೆಯಲ್ಲಿ ಪಂಡಿತನೂ ಆದೆ. ನನಗಿನ್ನೂ ಮದುವೆಯೇ ಆಗಿರಲಿಲ್ಲ ಎಂಬುದು ಆ ಪಾಂಡಿತ್ಯಕ್ಕೆ ಅಡ್ಡ ಬರಲಿಲ್ಲ.

ಹದಿನೇಳನೆಯ ದಿನ ಬೆಳಿಗ್ಗೆ ಸುಜಾತಾ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಣ್ಣ, ಕೂಸು ಯಾಕೋ ಬ್ಯಾರೆ ಆಗೇತಿ" ಎಂದಳು.

"ಬ್ಯಾರೆ ಅಂದ್ರ?"

"ನಿನ್ನೆ ಸಂಜಿಯಿಂದ ಹಾಲು ಚೀಪವಲ್ದು. ಅಳೋ ದನಿ ಬದಲಾಗೇತಿ. ಎತ್ತಿಕೊಂಡ್ರ ಇನ್ನೂ ಜಾಸ್ತಿ ಅಳತೈತಿ, ಕೆಳಗ ಮಲಗಿಸಿದ್ರ ಸುಮ್ಮನಾಗತೈತಿ. ಹಂಗ ಯಾವ ಕೂಸು ಮಾಡತೈತಿ ಹೇಳು."

ಹಣೆ ಮುಟ್ಟಿ ನೋಡಿದೆ. ಜ್ವರವಿರಲಿಲ್ಲ, ತಣ್ಣಗಿತ್ತು. ಜ್ವರ ಇಲ್ಲದ ಮೇಲೆ ರೋಗವೂ ಇಲ್ಲ ಎಂದು ಹೇಳಿ ಚಹಾ ಕುಡಿದೆ. ಅವ್ವ ಕೆಂಡಕ್ಕೆ ಇನ್ನೊಂದು ಹಿಡಿ ಓಮ ಹಾಕಿದಳು.

ಸುಜಾತಾ ಬಿಡಲಿಲ್ಲ. ಬೀದಿಯ ಕೊನೆಯ ದವಾಖಾನೆಗೆ ಹೋದೆವು. ಅಲ್ಲಿಯ ಡಾಕ್ಟರು ಹೊದಿಕೆಯ ಮೇಲಿಂದಲೇ ಹೊಟ್ಟೆ ಒತ್ತಿದರು, ನನ್ನ ಕಡೆ ತಿರುಗಿದರು. "ಪಹಲಾ ಬಚ್ಚಾ ಹೈ ನಾ? ಗ್ಯಾಸ್ ಹೈ. ಮಾ ಲೋಗ್ ಘಬರಾ ಜಾತೀ ಹೈಂ." ಮೊದಲ ಮಗು, ತಾಯಂದಿರು ಸುಮ್ಮನೆ ಗಾಬರಿಯಾಗುತ್ತಾರೆ ಅಂತ. ಸುಜಾತಾ ತನ್ನ ಹರುಕು ಹಿಂದಿಯಲ್ಲಿ, ಎತ್ತಿಕೊಂಡರೆ ಹೆಚ್ಚು ಅಳುತ್ತದೆ ಎಂದು ಹೇಳತೊಡಗಿದಳು. ಆ ವಾಕ್ಯ ಮುಗಿಯುವಷ್ಟರಲ್ಲಿ ಅವರು ಹನಿ ಔಷಧ ಬರೆದಾಗಿತ್ತು. ಬಟ್ಟೆ ಬಿಚ್ಚಿ ನೋಡಲಿಲ್ಲ. ಎಷ್ಟು ಸಲ ಹಾಲು ಕುಡಿಯಿತು ಎಂದು ಕೇಳಲಿಲ್ಲ. ಥರ್ಮಾಮೀಟರು ಮೇಜಿನ ಮೇಲೇ ಇತ್ತು, ಅದನ್ನು ಮುಟ್ಟಲಿಲ್ಲ. ಹೆತ್ತವಳು ಎದುರಿಗೆ ಕೂತಿರುವಾಗ ಮಾತೆಲ್ಲ ಮೀಸೆ ಇದ್ದವನ ಜೊತೆ. ಇದನ್ನು ನೆನೆದಾಗಲೆಲ್ಲ ಈಗಲೂ ನನ್ನ ಕಿವಿ ಬಿಸಿಯಾಗುತ್ತವೆ.

ಎರಡು ದಿನ ಹನಿ ಹಾಕಿದೆವು. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಕೂಸಿನ ಕಣ್ಣು ಒಂದೇ ಕಡೆ ನಿಂತವು, ಎಡಗೈ ಫಿಟ್ಸ್ ಬಂದಂತೆ ಜಗ್ಗತೊಡಗಿತು. ಸುಜಾತಾ ಯಾರನ್ನೂ ಕೇಳಲಿಲ್ಲ. ಕೂಸನ್ನು ಎದೆಗವಚಿಕೊಂಡು ಆಟೋ ನಿಲ್ಲಿಸಿದಳು. ನಾನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹಿಂದೆ ಓಡಿದೆ.

ಮಕ್ಕಳ ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು ಇದ್ದರು. ಜಗ್ಗುವುದು ನಿಲ್ಲಲು ಔಷಧ ಕೊಟ್ಟರು, ರಕ್ತ ತೆಗೆದರು, ಆಮೇಲೆ ಸ್ಟೂಲು ಎಳೆದುಕೊಂಡು ಸುಜಾತಾಳ ಎದುರಿಗೆ ಕೂತರು. "ತಾಯೀ, ತುಮ್ಹೀ ಸಾಂಗಾ." ಮರಾಠಿಯಲ್ಲಿ, ನೀವು ಹೇಳಿ ಎಂದರು. ಕೊನೆಯವರೆಗೂ ಕೇಳಿದರು. ಮಿದುಳಿನ ಪೊರೆಗೆ ಸೋಂಕು ತಗುಲಿರಬಹುದು, ಬೆನ್ನುಹುರಿಯ ಸುತ್ತಲಿನ ನೀರನ್ನು ಸೂಜಿಯಿಂದ ತೆಗೆದು ನೋಡಬೇಕು ಎಂದರು.

ನಾನು ವಾದಕ್ಕೆ ನಿಂತೆ. ಆಟೋದಲ್ಲಿ ಮೊಬೈಲು ನೋಡಿಕೊಂಡು ಬಂದಿದ್ದೆನಲ್ಲ. ಜ್ವರವಿಲ್ಲ, ಕುತ್ತಿಗೆ ಬಿಗಿದಿಲ್ಲ, ನೆತ್ತಿ ಉಬ್ಬಿಲ್ಲ, ಹಾಗಾದರೆ ಅದು ಹೇಗಾದೀತು ಎಂದೆ. ಅವರು ಹಿಂದಿಯಲ್ಲಿ ನಿಧಾನವಾಗಿ ತಿಳಿಸಿದರು. ಇಷ್ಟು ಎಳೆಯ ಕೂಸಿನ ಕುತ್ತಿಗೆ ಬಿಗಿಯುವುದು ಅಪರೂಪ, ನೆತ್ತಿ ಉಬ್ಬಲೇಬೇಕೆಂದಿಲ್ಲ, ಮೈ ತಣ್ಣಗಾಗುವುದೂ ಜ್ವರದಷ್ಟೇ ಕೆಟ್ಟ ಲಕ್ಷಣ. ಇಂಥ ಕೂಸು ಹೇಳುವುದು ಇಷ್ಟೇ: ಹಾಲು ಬಿಡುತ್ತದೆ, ಮಂಕಾಗುತ್ತದೆ, ಎತ್ತಿಕೊಂಡರೆ ಅಳುತ್ತದೆ. ಸುಜಾತಾ ಮೂರು ದಿನದಿಂದ ಹೇಳುತ್ತಿದ್ದದ್ದು ಅದನ್ನೇ.

ಆದರೂ ನಾನು ಒಪ್ಪಲಿಲ್ಲ. ಬೆನ್ನಿನ ನೀರು ತೆಗೆದರೆ ಕಾಲು ಬಿದ್ದುಹೋಗುತ್ತವೆ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಯಾರ ಕಾಲು ಬಿದ್ದವು ಎಂದು ಮಾತ್ರ ಯಾರಿಗೂ ಗೊತ್ತಿಲ್ಲ. ವರಾಂಡದಲ್ಲಿ ನಿಂತು ಬಳ್ಳಾರಿಯಲ್ಲಿದ್ದ ಅವಳ ಗಂಡನಿಗೆ, ಹುಬ್ಬಳ್ಳಿಯ ಕಾಕಾನಿಗೆ, ಕಚೇರಿಯ ಇಬ್ಬರಿಗೆ ಫೋನು ಮಾಡಿದೆ. ನಾಲ್ವರೂ ಬೇಡ ಅಂದರು. ನಾಲ್ವರಲ್ಲಿ ಒಬ್ಬರೂ ಈ ಎರಡು ದಿನದಲ್ಲಿ ಕೂಸನ್ನು ನೋಡಿರಲಿಲ್ಲ.

ಡಾಕ್ಟರು ಹೊರಗೆ ಬಂದರು. "ಔಷಧ ಸುರು ಕೇಲಂ ಆಹೇ" ಎಂದರು. ಔಷಧ ಆಗಲೇ ಶುರು ಮಾಡಿದ್ದೇವೆ, ನಿಮ್ಮ ಒಪ್ಪಿಗೆಗೆ ಕಾದು ಕೂತಿಲ್ಲ, ಆದರೆ ಆ ನೀರು ನೋಡದಿದ್ದರೆ ಸೋಂಕು ಮಿದುಳಿಗೆ ಹೋಗಿದೆಯೋ ಇಲ್ಲವೋ, ಯಾವ ಔಷಧ ಎಷ್ಟು ದಿನ ಕೊಡಬೇಕೋ ತಿಳಿಯದು. ಬೇಗ ನಿಲ್ಲಿಸಿದರೆ ರೋಗ ಒಳಗೇ ಉಳಿಯುತ್ತದೆ.

"ಥೋಡಾ ರುಕಿಯೇ ಮ್ಯಾಡಮ್", ಸ್ವಲ್ಪ ತಡೆಯಿರಿ ಎಂದು ನಾನು ಐದನೆಯ ನಂಬರು ಹುಡುಕುತ್ತಿದ್ದೆ.

ಸುಜಾತಾ ಬೆಂಚಿನಿಂದ ಎದ್ದಳು. "ಫೋನ್ ಇಡು ಅಣ್ಣ. ಕೂಸು ನಂದು. ಸಹಿ ನಾ ಮಾಡ್ತೀನಿ." ಕಾಗದದ ಮೇಲೆ ಕನ್ನಡದಲ್ಲಿ ತನ್ನ ಹೆಸರು ಬರೆದಳು. ನರ್ಸು ಆ ಅಕ್ಷರ ನೋಡಿ ಅನುಮಾನಿಸಿದಾಗ ಡಾಕ್ಟರು, "ಚಾಲೇಲ" ಎಂದರು. ನಡೆಯುತ್ತದೆ ಅಂತ.

ತಿಳಿನೀರಿನಂತೆ ಇರಬೇಕಾದದ್ದು ಅಕ್ಕಿ ತೊಳೆದ ನೀರಿನ ಹಾಗೆ ಬಂತು. ಅನುಮಾನಕ್ಕೆ ಜಾಗ ಉಳಿಯಲಿಲ್ಲ. ಮೂರನೆಯ ದಿನ ಲ್ಯಾಬಿನವರು ರೋಗಾಣುವಿನ ಹೆಸರನ್ನೂ ಹೇಳಿದರು. ಇಪ್ಪತ್ತೊಂದು ದಿನ ಇಂಜೆಕ್ಷನ್ ನಡೆಯಿತು. ಆರನೆಯ ದಿನ ಕೂಸು ಮೊಲೆಗೆ ಬಾಯಿ ಹಾಕಿ ಜೋರಾಗಿ ಚೀಪಿದಾಗ ಅವ್ವ ಗೋಡೆಯ ಕಡೆ ತಿರುಗಿ ಅತ್ತಳು. ಕಾಲಿಗೆ ಏನೂ ಆಗಲಿಲ್ಲ. ಆದರೆ ಮನೆಗೆ ಕಳಿಸುವ ಮುಂಚೆ ಮಾಡಿದ ಕಿವಿಯ ಪರೀಕ್ಷೆಯಲ್ಲಿ ಎಡಗಿವಿ ಕೇಳಿಸುವುದಿಲ್ಲ ಎಂದು ಗೊತ್ತಾಯಿತು. ಎರಡು ದಿನ ಮೊದಲೇ ಬಂದಿದ್ದರೆ ಉಳಿಯುತ್ತಿತ್ತೇ ಎಂದು ಕೇಳಿದೆ. "ಸಾಂಗತಾ ಯೇತ ನಾಹೀ" ಎಂದರು. ಹೇಳಲಾಗದು. ಹೌದು ಎಂದಿದ್ದರೂ ಇಲ್ಲ ಎಂದಿದ್ದರೂ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಹೊಟ್ಟೆ ಒತ್ತಿದ ಡಾಕ್ಟರ ಬಳಿ ಹೋಗಿ ಜಗಳಾಡಿದೆ. "ಹರ್ ರೋನೇವಾಲೇ ಬಚ್ಚೇ ಕೋ ಅಸ್ಪತಾಲ್ ಭೇಜೂಂ ಕ್ಯಾ?" ಎಂದು ಮುಂದಿನ ರೋಗಿಯನ್ನು ಕರೆದರು. ಅತ್ತ ಮಕ್ಕಳನ್ನೆಲ್ಲ ಆಸ್ಪತ್ರೆಗೆ ಕಳಿಸಿ ಎಂದು ಯಾರು ಕೇಳಿದ್ದರು? ತಾಯಿಯ ವಾಕ್ಯ ಪೂರ್ತಿ ಕೇಳಿ ಎಂದಷ್ಟೇ. ಅಂದಿನಿಂದ ಮನೆಗೆ ಬಂದವರಿಗೆಲ್ಲ ಅವರ ಕಥೆ ಹೇಳಿ ಬೈಯುತ್ತ ಬಂದೆ.

ಹೋದ ತಿಂಗಳು ಸುಜಾತಾ ಮಗಳೊಂದಿಗೆ ರಜೆಗೆ ಬಂದಿದ್ದಳು. ನೆರೆಯವರ ಮುಂದೆ ನಾನು ಮತ್ತೆ ಅದೇ ಶುರು ಮಾಡಿದೆ. ಅವರು ಹೋದ ಮೇಲೆ ಅವಳು ಬಟಾಣಿ ಸುಲಿಯುತ್ತ, ದನಿ ಏರಿಸದೆ ಹೇಳಿದಳು: "ಅಂವ ಹೊರಗಿನಂವ, ಅಣ್ಣ. ಒಂದು ನಿಮಿಷ ನೋಡಿದ. ನೀ ಅದೇ ಮನ್ಯಾಗ ಇದ್ದಿ. ನಾ ಮೊದಲು ಹೇಳಿದ್ದು ನಿನಗ."

ಡಾಕ್ಟರ ಮೇಲಿನ ಸಿಟ್ಟು ನನಗೆ ಇಳಿದಿಲ್ಲ, ಇಳಿಯುವುದೂ ಬೇಡ. ಆದರೆ ಆರು ವರ್ಷ ಊರಿಗೆಲ್ಲ ಹೇಳಿದ ಆ ಕಥೆಯಲ್ಲಿ ಆ ಬೆಳಿಗ್ಗೆ ಓಮದ ಹೊಗೆಯಲ್ಲಿ ಚಹಾ ಕುಡಿಯುತ್ತ ಕೊಟ್ಟ ನನ್ನ ತೀರ್ಪಾಗಲಿ, ನನ್ನ ನಾಲ್ಕು ಫೋನುಗಳಾಗಲಿ ಒಮ್ಮೆಯೂ ಬಂದಿರಲಿಲ್ಲ. ಅವನ್ನೂ ಸೇರಿಸಿ ಹೇಳಿದ್ದು ಇದೇ ಮೊದಲು, ನಿಮಗೆ.