ಬಾಲವಿಲ್ಲದ ಕನ್ನಡ

ಐರೋಲಿಯ ನಮ್ಮ ಆಫೀಸಿನ ಕಪಾಟು ಖಾಲಿ ಮಾಡುವಾಗ ಮೊನ್ನೆ ಒಂದು ಕಪ್ಪು ರೆಕ್ಸಿನ್ ಚೀಲ ಸಿಕ್ಕಿತು. ಜಿಪ್ ಎಳೆದದ್ದೇ ತಡ, ಬೂಷ್ಟಿನ ಜೊತೆ ಶೇಂಗಾ ಚಟ್ನಿಪುಡಿಯ ವಾಸನೆ... ಒಳಗೆ ಹಳೆಯ ವಿಡಿಯೋ ರಿಸೀವರ್. ವೈರ್‌ಲೆಸ್ ಕ್ಯಾಮೆರಾ ದೂರದಲ್ಲಿ ಕಂಡದ್ದನ್ನು ಅಂಗೈಯಗಲದ ಪರದೆಯಲ್ಲಿ ತೋರಿಸುವ ಪೆಟ್ಟಿಗೆ. ಆ ಚೀಲದಲ್ಲಿ ಚಟ್ನಿಪುಡಿ ಇಟ್ಟುಕೊಳ್ಳುತ್ತಿದ್ದವರು ಒಬ್ಬರೇ. ನಾನು ಅವರನ್ನು ಮಾಮಾ ಎನ್ನುತ್ತಿದ್ದೆ.

ಮಾಮಾ ಧಾರವಾಡದ ಕಡೆಯವರು, ಮನೆ ಡೊಂಬಿವಲಿ. ನಾನು ನೆರೂಳದಲ್ಲಿ ಹುಟ್ಟಿ ಬೆಳೆದ ಉಡುಪಿಯವರ ಮಗ. ಟಿವಿ ಚಾನೆಲ್‌ಗಳಿಗೆ, ಮೆರವಣಿಗೆಯ ಬಂದೋಬಸ್ತಿಗೆ ಕ್ಯಾಮೆರಾ ಒದಗಿಸುವ ಸಣ್ಣ ಕಂಪನಿ ನಮ್ಮದು. ಮಾಮಾ ರಿಸೀವರ್ ನೋಡುತ್ತ ವಾಕಿಟಾಕಿಯಲ್ಲಿ ಹೇಳಬೇಕು, ನಾನು ಅದನ್ನು ಕ್ಯಾಮೆರಾಮನ್‌ಗೆ ಮುಟ್ಟಿಸಬೇಕು. ನಾವಿಬ್ಬರೂ ಕನ್ನಡವನ್ನೇ ಆಡಬೇಕೆಂದು ಅವರ ಹಟ. ಮನೆಯಲ್ಲಿ ತುಳು, ಹೊರಗೆ ಮರಾಠಿ, ಹಿಂದಿ. ನನ್ನ ಕನ್ನಡ ಅಷ್ಟಕ್ಕಷ್ಟೇ. ಹಿರಿಯರಿಗೂ 'ಬಾ', 'ಕೂತ್ಕೋ' ಅನ್ನುತ್ತಿದ್ದೆ.

"ನಿನ್ನ ಕನ್ನಡಕ್ಕ ಬಾಲನ ಇಲ್ಲಲೇ. ಒಂದ್ 'ರಿ' ಹಚ್ಚು" ಎಂದು ನಗುತ್ತಿದ್ದರು.

ಆ ಮಳೆಗಾಲ ಕಲ್ಯಾಣದಲ್ಲಿ, ಜನರನ್ನು ಖಾಲಿ ಮಾಡಿಸಿದ್ದ ಹಳೆಯ ಕಟ್ಟಡವೊಂದರಿಂದ ಬೆಳಗಿನ ನೇರ ಪ್ರಸಾರವಿತ್ತು. ಕ್ಯಾಮೆರಾಮನ್ ಎರಡನೇ ಮಹಡಿಗೆ ಹೋದ. ನಾನು ಮೆಟ್ಟಿಲ ಬುಡದಲ್ಲಿ, ಮಾಮಾ ರಸ್ತೆಯಾಚೆ. ಅವನ ಗಮನವೆಲ್ಲ ಯಾರೋ ಗೋಡೆಯಲ್ಲೇ ಬಿಟ್ಟುಹೋಗಿದ್ದ ಮದುವೆ ಫೋಟೋದ ಮೇಲೆ. ಪರದೆಯ ಮೂಲೆಯಲ್ಲಿ ತೊಲೆ ಜಗ್ಗುವುದನ್ನು ಕಂಡವರು ಮಾಮಾ. ವಾಕಿಟಾಕಿಯಲ್ಲಿ ಏನೋ ಹೇಳಿದರು. ಜನರೇಟರಿನ ಗದ್ದಲದಲ್ಲಿ ನನಗೆ ತಿಳಿಯಲಿಲ್ಲ.

"ಕಾಯ್?" ಎಂದೆ. ಏನು ಎಂದು ಕೇಳುವ ಮರಾಠಿ ಮಾತು, ಬಾಯಿಗೆ ಬಂದದ್ದು ಅದೇ. ಅತ್ತಲಿಂದ ಮಾತಿಲ್ಲ. ಹೆಚ್ಚೆಂದರೆ ಅರ್ಧ ನಿಮಿಷ... ಆಮೇಲೆ ಮೇಲಿನಿಂದ ಸದ್ದು, ಧೂಳು. ಕ್ಯಾಮೆರಾಮನ್ ಬದುಕಲಿಲ್ಲ.

ಆಸ್ಪತ್ರೆಯ ಅಂಗಳದಲ್ಲಿ ಮಾಮಾ ಮೆಲ್ಲಗೆ ಹೇಳಿದರು: "ಅವನ್ನ ಇಳಸು ಅಂದ್ನಿ. ನೀ 'ಕಾಯ್' ಅಂದಿ. ಇಳಸಾಕತ್ತಿ ಅಂತ ತಿಳದು ಕಾದ್ನಿ... ಇರ್ಲಿ, ಅದನ್ನ ನಾ ಎಲ್ಲೂ ಹೇಳಂಗಿಲ್ಲ."

ಅವರು ಕೇಳಿಸಿಕೊಂಡದ್ದು ಬಾಲವಿಲ್ಲದ ನನ್ನ ಕನ್ನಡವನ್ನು! ಅದು ಮರಾಠಿ ಮಾಮಾ, ನಾನು ಕಾಯಲು ಹೇಳಿರಲಿಲ್ಲ ಎನ್ನಬೇಕಿತ್ತು. ತುಟಿಪಿಟಕ್ಕೆನ್ನಲಿಲ್ಲ.

ಕಂಪನಿಯ ವಿಚಾರಣೆಯಲ್ಲಿ ಮಾಮಾ, ಎಚ್ಚರಿಸಿದ್ದೆ ಎಂದರು. ಕಂಪನಿಯವರು ನನ್ನನ್ನೂ ಕೇಳಿದರು. "ಏನೂ ಕೇಳಿಸಲಿಲ್ಲ" ಎಂದೆ. ಮಾಮಾ ನನ್ನನ್ನೊಮ್ಮೆ ನೋಡಿ ತಲೆ ತಗ್ಗಿಸಿದರು. ಕಣ್ಣಾರೆ ಕಂಡೂ ಸುಮ್ಮನಿದ್ದವನೆಂದು ಅವರನ್ನು ಕೆಲಸದಿಂದ ತೆಗೆದರು. ನಾನು ಹೇಡಿ, ಬೇರೆ ಮಾತಿಲ್ಲ.

ಮಾಮಾ ತೀರಿಕೊಂಡಾಗಲೂ ನಾನು ಹೋಗಿರಲಿಲ್ಲ. ಮೊನ್ನೆ ಭಾನುವಾರ ಡೊಂಬಿವಲಿಗೆ ಹೋಗಿ ಮಾಮಿಯ ಮುಂದೆ ಎಲ್ಲ ಹೇಳಿದೆ. ಅವರು ಅಳಲಿಲ್ಲ, ಬೈಯಲೂ ಇಲ್ಲ.

"ಕಡೀ ಕಡೀಗೆ ಅವರಿಗ ಸಂಶಯ ಬಂದಿತ್ತು ತಮ್ಮಾ. 'ನಾ ಖರೇನ ಇಳಸು ಅಂದಿದ್ನೇನ, ಬರೇ ನೋಡ್ಕೋತ ನಿಂತಿದ್ನೇನ' ಅಂತ ನನ್ನ ಕೇಳ್ತಿದ್ರು. ನನಗೇನ ಗೊತ್ತು, ಏನ್ ಹೇಳ್ಲಿ?"

ಹೇಳಿದ್ದರು ಮಾಮಿ, ಹೇಳಿದ್ದರು ಎಂದೆ. ಅದನ್ನು ಕೇಳಬೇಕಾದವರು ಈಗ ಇಲ್ಲ.